ಅರಳು ಹೆಣಿಗೆ

ಕಣ್ಣಿನಿಂದ ನೋಡಿ ಕೈಯಿಂದ ಕಲಿಯಬೇಕಾದ ಕೆಲಸವೊಂದನ್ನು ಬರಿಯ ಮಾತಿನಿಂದ ತಿಳಿಸಲು ಹೊರಡುವುದು ಸಾಹಸವೇ ಸರಿ. ಆದರೂ ಶ್ರೋತೃಗಳಲ್ಲಿ ಅನೇಕರ ಮನೆಗಳಲ್ಲಿ, ಹೊಲಿಗೆಯ ಪೆಟ್ಟಿಗೆಯ ತಳದಲ್ಲಿ, ಕ್ರೋಷೆಯ ಕೊಕ್ಕೆಯೊಂದು ಮರೆತು ಬಿದ್ದಿರಬಹುದೆಂಬ ಧೈರ್ಯದ ಮೇಲೆ ಈ ವಿಷಯವನ್ನು ಎತ್ತಿಕೊಂಡಿದ್ದೇವೆ. ನಾವು ಹೇಳಹೊರಟಿರುವುದು ಕ್ರೋಷೆಯ ಎಲ್ಲ ಬಗೆಗಳನ್ನೂ ಅಲ್ಲ; ಬಟ್ಟೆಯ ಮೈಯಿಂದ ಮೊಗ್ಗಿನಂತೆ ಎದ್ದು ನಿಲ್ಲುವ ಒಂದೇ ಒಂದು ಹೆಣಿಗೆಯನ್ನು. ಅದನ್ನು ನಾವು ಕಲಿತದ್ದು ಕಿಗ್ಗದಲ್ಲಿ, ಒಂದು ಮಳೆಗಾಲದಲ್ಲಿ, ಅನಿವಾರ್ಯವಾಗಿ.

ಕಿಗ್ಗವು ಶೃಂಗೇರಿಯಿಂದ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ, ನರಸಿಂಹ ಪರ್ವತದ ಬುಡದಲ್ಲಿರುವ ಸಣ್ಣ ಊರು. ಅಲ್ಲಿಯ ದೇವರು ಋಷ್ಯಶೃಂಗೇಶ್ವರ. ಅಂಗದೇಶದಲ್ಲಿ ಕ್ಷಾಮ ಬಂದಾಗ ರೋಮಪಾದರಾಜನು ಋಷ್ಯಶೃಂಗನನ್ನು ಕರೆಯಿಸಿಕೊಂಡನೆಂದೂ ಆತನು ಕಾಲಿಟ್ಟೊಡನೆ ಮಳೆ ಸುರಿಯಿತೆಂದೂ ಇರುವ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಮಳೆ ಬಾರದಾಗಲೂ, ಬಂದ ಮಳೆ ನಿಲ್ಲದಾಗಲೂ ಜನರು ಇಲ್ಲಿಗೆ ಬಂದು ಪೂಜೆ ಮಾಡಿಸುವರು. ಪರ್ವತದ ಆಚೆಯ ಮಗ್ಗುಲಿನ ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕು ಮಳೆಯಾಗುತ್ತದೆಂದ ಮೇಲೆ ಈಚೆಯ ಮಗ್ಗುಲಿನ ಮಾತನ್ನು ಬೇರೆ ಹೇಳಬೇಕಾಗಿಲ್ಲ. ಆರಿದ್ರೆ ಹಿಡಿದರೆ ಆಶ್ಲೇಷೆಯವರೆಗೆ ಒಣಗುವ ಹೆಸರಿಲ್ಲ. ಉಪ್ಪು ನೀರಾಗುತ್ತದೆ; ಪುಸ್ತಕದ ರಟ್ಟು ಬೂಸಲು ಹಿಡಿಯುತ್ತದೆ; ನೂಲು ಬೆರಳಿಗೆ ಅಂಟುತ್ತದೆ.

ನಾವು ಇಳಿದುಕೊಂಡಿದ್ದ ಮನೆಯ ನಡುಮನೆಯ ಬಾಗಿಲಿಗೆ ಒಂದು ಕ್ರೋಷೆಯ ತೋರಣವಿತ್ತು. ಮನೆಯ ಗೃಹಿಣಿಯ ಅತ್ತೆಯವರು ಹೆಣೆದದ್ದು. ಚೌಕಗಳನ್ನು ಒಂದಕ್ಕೊಂದು ಸೇರಿಸಿ ಮಾಡಿದ ಕೆಲಸ. ಪ್ರತಿಯೊಂದು ಚೌಕದ ನಡುವೆಯೂ ಎಂಟೆಂಟು ಉಬ್ಬು ಮೊಗ್ಗುಗಳುಳ್ಳ ಒಂದು ಹೂವು. ಗೋಡೆಯ ತೇವ ತಾಗುತ್ತಿದ್ದ ಕೊನೆಯ ಚೌಕವೊಂದು ಬೂಸಲಿನಿಂದ ಕರಗಿ, ಮುಟ್ಟಿದರೆ ಎಳೆಯೆಳೆಯಾಗಿ ಬರುವಂತಾಗಿತ್ತು. ಗೌರಿ ಹಬ್ಬದೊಳಗೆ ಅದನ್ನು ಸರಿಪಡಿಸಬೇಕೆಂದು ಆಕೆಯ ಆಸೆ. ಆದರೆ ಆ ಉಬ್ಬಿನ ಹೆಣಿಗೆ ಆಕೆಗೆ ಬಾರದು, ಬರುತ್ತಿದ್ದವರು ಈಗಿಲ್ಲ. ನಮಗೆ ಕ್ರೋಷೆ ಬರುವುದೆಂದು ನಾವು ಜಂಬದಿಂದ ಹೇಳಿಕೊಂಡಿದ್ದುದರಿಂದ ಆ ಕೆಲಸ ನಮ್ಮ ಪಾಲಿಗೆ ಬಂತು.

ಇಂಗ್ಲಿಷಿನವರು ಈ ಹೆಣಿಗೆಗೆ 'ಪಾಪ್‌ಕಾರ್ನ್' ಎಂದು ಹೆಸರಿಟ್ಟಿದ್ದಾರೆ. ಕಾಳು ಕಾವಿಗೆ ಸಿಡಿದು ಅರಳಿದುದು ಎಂದು ಅರ್ಥ. ನಮ್ಮಲ್ಲಿ ಬತ್ತವನ್ನು ಹುರಿದರೆ ಆಗುವ ಅರಳು ಇದೇ ಅಲ್ಲವೆ? ಆದುದರಿಂದ ಇದನ್ನು ಅರಳು ಹೆಣಿಗೆ ಎಂದು ಕರೆದರೆ ತಪ್ಪಾಗಲಾರದು. ಮಿಕ್ಕ ಪರಿಭಾಷೆಗೂ ಪರದೇಶಕ್ಕೆ ಹೋಗಬೇಕಾಗಿಲ್ಲ. ಸೀರೆಯ ಸೆರಗಿಗೆ ಕ್ರೋಷೆಯ ಕುಚ್ಚು ಕಟ್ಟುವ ನಮ್ಮ ಹೆಂಗಸರು ಉದ್ದನೆಯ ಹೊಲಿಗೆಯನ್ನು 'ಕಂಬ' ಎನ್ನುತ್ತಾರೆ. ಎಷ್ಟು ಸೊಗಸಾದ ಮಾತು! ಕುಣಿಕೆ, ಸರಪಣಿ, ಕಂಬ — ಈ ಮೂರು ಶಬ್ದಗಳಿದ್ದರೆ ಕ್ರೋಷೆಯ ಮುಕ್ಕಾಲು ಭಾಗವನ್ನು ಹೇಳಿ ಮುಗಿಸಬಹುದು.

ಕಂಬವನ್ನು ಬಲ್ಲವರು ಇದನ್ನು ಕೇಳಿಸಿಕೊಳ್ಳದಿದ್ದರೂ ಚಿಂತೆಯಿಲ್ಲ, ಬಾರದವರಿಗಾಗಿ ಹೇಳುತ್ತೇವೆ. ಕೊಕ್ಕೆಯ ಮೇಲೆ ಯಾವಾಗಲೂ ಒಂದು ಕುಣಿಕೆ ಇರುತ್ತದೆ. ದಾರವನ್ನು ಕೊಕ್ಕೆಗೆ ಒಂದು ಸುತ್ತು ಹಾಕಿ, ಕೆಳಗಣ ಸಾಲಿನ ಒಂದು ಮನೆಯೊಳಗೆ ಕೊಕ್ಕೆಯನ್ನು ತೂರಿಸಿ, ದಾರವನ್ನು ಹಿಡಿದು ಈಚೆಗೆ ತಂದರೆ ಕೊಕ್ಕೆಯ ಮೇಲೆ ಮೂರು ಕುಣಿಕೆಗಳಾಗುವುವು. ಮತ್ತೆ ದಾರ ಸುತ್ತಿ ಎರಡು ಕುಣಿಕೆಗಳೊಳಗಿಂದ ಎಳೆಯಿರಿ. ಇನ್ನೊಮ್ಮೆ ಸುತ್ತಿ ಉಳಿದೆರಡರೊಳಗಿಂದ ಎಳೆಯಿರಿ. ಒಂದು ಕಂಬವು ನಿಂತಿತು. ಒಂದೊಂದು ಮನೆಗೆ ಒಂದೊಂದು ಕಂಬವನ್ನು ನಿಲ್ಲಿಸುತ್ತ ಹೋದರೆ ಬಟ್ಟೆಯು ಚಾಪೆಯಂತೆ ಸಮತಟ್ಟಾಗಿ ಬೆಳೆಯುವುದು.

ಈಗ ಒಂದೇ ಮನೆಯೊಳಗೆ ಐದು ಕಂಬಗಳನ್ನು ನಿಲ್ಲಿಸಿರಿ. ಒಬ್ಬರ ಜಾಗದಲ್ಲಿ ಐವರು ಕುಳಿತರೆ ಆಗುವ ಅವಸ್ಥೆಯೇ ಅವುಗಳಿಗೂ ಆಗುವುದು. ಕಾಲುಗಳೆಲ್ಲ ಒಂದೇ ಕಡೆ, ತಲೆಗಳು ಮಾತ್ರ ಬೀಸಣಿಗೆಯಂತೆ ಅಗಲವಾಗಿ ಹರಡಿಕೊಳ್ಳುವುವು. ಹಾಗೆಯೇ ಬಿಟ್ಟರೆ ಅದು ಬೀಸಣಿಗೆಯೇ. ಚಿಪ್ಪಿನ ಹೆಣಿಗೆ ಎಂಬುದು ಅದೇ. ಅರಳಾಗಬೇಕಾದರೆ ಆ ಬೀಸಣಿಗೆಯ ಎರಡು ತುದಿಗಳನ್ನೂ ಒಟ್ಟಿಗೆ ತಂದು ಕಟ್ಟಬೇಕು. ಐದನೆಯ ಕಂಬ ಮುಗಿದೊಡನೆ ಕೊಕ್ಕೆಯ ಮೇಲಿರುವ ಕುಣಿಕೆಯನ್ನು ಸ್ವಲ್ಪ ಹಿಗ್ಗಿಸಿ ಕೊಕ್ಕೆಯನ್ನು ಅದರಿಂದ ಹೊರಕ್ಕೆ ತೆಗೆಯಿರಿ. ಹಿಗ್ಗಿಸದೆ ತೆಗೆದರೆ ಕುಣಿಕೆ ಬಿಚ್ಚಿಹೋಗುವುದು. ಬಳಿಕ ಐದರಲ್ಲಿ ಮೊದಲನೆಯ ಕಂಬದ ತಲೆಯೊಳಗೆ ಕೊಕ್ಕೆಯನ್ನು ಮುಂಭಾಗದಿಂದ ಹಿಂಭಾಗಕ್ಕೆ ತೂರಿಸಿ, ಬಿಟ್ಟಿದ್ದ ಕುಣಿಕೆಯನ್ನು ಹಿಡಿದು, ಆ ತಲೆಯೊಳಗಿಂದ ಈಚೆಗೆ ಎಳೆದುಬಿಡಿ. ಐದು ಕಂಬಗಳೂ ನಡು ಬಾಗಿಸಿ ನಿಮ್ಮ ಕಡೆಗೆ ಉಬ್ಬಿಕೊಳ್ಳುವುವು. ಮೇಲೊಂದು ಸರಪಣಿಯನ್ನು ಬಿಗಿಯಾಗಿ ಹಾಕಿ ಬಾಯನ್ನು ಮುಚ್ಚಿರಿ.

ಅರಳಿನ ಒಳಗೆ ಏನನ್ನೂ ತುಂಬಿಲ್ಲ, ಮೇಲಿಂದ ಏನನ್ನೂ ಅಂಟಿಸಿಲ್ಲ. ಕಿರಿದಾದ ಜಾಗದಲ್ಲಿ ಹಿಡಿಸಲಾರದಷ್ಟು ದಾರವನ್ನು ಇಟ್ಟಿದ್ದೇವೆ. ಅಕ್ಕಪಕ್ಕದಲ್ಲಿ ದಾರಿಯಿಲ್ಲದುದರಿಂದ ಅದು ಮೇಲಕ್ಕೆ ಎದ್ದಿದೆ. ಉಬ್ಬಿನ ಹೆಣಿಗೆಗಳ ಗುಟ್ಟು ಬಹುಮಟ್ಟಿಗೆ ಇಷ್ಟೆ. ಐದು ಕಂಬಗಳನ್ನು ಒಂದೊಂದಾಗಿ ಮುಗಿಸದೆ, ಪ್ರತಿಯೊಂದರ ಕೊನೆಯ ಕುಣಿಕೆಯನ್ನೂ ಕೊಕ್ಕೆಯ ಮೇಲೆಯೇ ಉಳಿಸಿಕೊಂಡು, ಕೊನೆಗೆ ಆರು ಕುಣಿಕೆಗಳೊಳಗಿಂದಲೂ ಒಮ್ಮೆಗೆ ದಾರವನ್ನು ಎಳೆದರೆ 'ಬಾಬಲ್' ಎಂಬ ಗುಂಡು ಆಗುವುದು. ಕಂಬವನ್ನೇ ಕಟ್ಟದೆ ಉದ್ದುದ್ದನೆಯ ಕುಣಿಕೆಗಳನ್ನು ಮಾತ್ರ ಸೇರಿಸಿ ಮುಚ್ಚಿದರೆ 'ಪಫ್' ಎಂಬ ಮೆತ್ತನೆಯ ಉಬ್ಬು. ಮೂರೂ ದೂರದಿಂದ ಅಣ್ಣತಮ್ಮಂದಿರಂತೆ ಕಾಣುವುವು. ಅವುಗಳಲ್ಲಿ ಅರಳೇ ಗಟ್ಟಿ, ಅರಳೇ ಎತ್ತರ.

ನಾವು ಮೊದಲು ಮಾಡಿದ ಚೌಕವನ್ನು ಕಂಡು ಗೃಹಿಣಿಗೆ ನಗು ಬಂತು. ಅರಳಿನ ಜಾಗದಲ್ಲಿ ಮೆಣಸಿನ ಕಾಳಿನಂಥ ಗಂಟುಗಳು ಕುಳಿತಿದ್ದುವು. ದೋಷವು ಕೈಯದಲ್ಲ, ಪುಸ್ತಕದ್ದು. ಅಥವಾ ಪುಸ್ತಕವನ್ನು ಓದಿದ ನಮ್ಮದು. ಇದನ್ನು ಇಂಗ್ಲಿಷ್ ಪುಸ್ತಕ ನೋಡಿ ಕಲಿಯುವವರೆಲ್ಲರೂ ಗಮನದಲ್ಲಿಡಬೇಕು. ಬ್ರಿಟನ್ನಿನವರು 'ಟ್ರೆಬಲ್' ಎನ್ನುವ ಹೊಲಿಗೆಯನ್ನೇ ಅಮೆರಿಕದವರು 'ಡಬಲ್' ಎನ್ನುತ್ತಾರೆ. ಬ್ರಿಟನ್ನಿನವರ 'ಡಬಲ್' ಎಂದರೆ ಅದಕ್ಕಿಂತ ಬಹಳ ಗಿಡ್ಡದಾದ ಬೇರೆ ಹೊಲಿಗೆ. ಅದನ್ನು ಅಮೆರಿಕದವರು 'ಸಿಂಗಲ್' ಎನ್ನುವರು. ನಾವು ಹೆಸರುಗಳನ್ನು ಕಲಿತದ್ದು ಬ್ರಿಟನ್ನಿನ ವಾಡಿಕೆಯಂತೆ. ಕೈಯಲ್ಲಿದ್ದ ಪುಸ್ತಕ ಅಮೆರಿಕದ್ದು. ಐದು ಕಂಬಗಳಿಗೆ ಬದಲಾಗಿ ಐದು ಗೂಟಗಳನ್ನು ನೆಟ್ಟಿದ್ದೆವು. ಗೂಟ ಹೇಗೆ ಬಾಗೀತು? ಒಂದೇ ಭಾಷೆಯನ್ನಾಡುವ ಎರಡು ದೇಶಗಳು ಒಂದೇ ಮಾತಿಗೆ ಎರಡರ್ಥ ಮಾಡಿ ಕಿಗ್ಗದವರೆಗೆ ತೊಂದರೆಯನ್ನು ಕಳುಹಿಸಿದುದು ನಮಗೆ ವಿಚಿತ್ರವಾಗಿ ತೋರಿತು. ಪುಸ್ತಕದ ಮೊದಲ ಪುಟಗಳಲ್ಲಿ 'ಸಿಂಗಲ್' ಎಂಬ ಹೊಲಿಗೆ ಕಂಡರೆ ಅದು ಅಮೆರಿಕದ ಕ್ರಮವೆಂದು ತಿಳಿಯಬಹುದು.

ದಾರಿ ತೋರಿಸಿದವರು ಆ ಗೃಹಿಣಿಯೇ. ಆಕೆಗೆ ಇಂಗ್ಲಿಷ್ ಬಾರದು, ಅರಳು ಹೆಣಿಗೆಯೂ ಬಾರದು. ಆಕೆ ಕೆಡದೆ ಉಳಿದಿದ್ದ ಒಂದು ಚೌಕವನ್ನು ತೆಗೆದುಕೊಂಡು ಮಗುಚಿ, ದೀಪದ ಹತ್ತಿರ ಹಿಡಿದು, “ಇದರ ಬೆನ್ನು ನೋಡಿ” ಎಂದರು. ಮುಂಭಾಗದಲ್ಲಿ ಉಬ್ಬಾಗಿದ್ದುದು ಹಿಂಭಾಗದಲ್ಲಿ ಬಟ್ಟಲಿನಂತೆ ಗುಳಿಯಾಗಿತ್ತು. ಆ ಬಟ್ಟಲಿನಲ್ಲಿ ಸೂಜಿಯ ಮೊನೆಯಿಂದ ಎಣಿಸಿದರೆ ಐದು ಕಂಬಗಳೂ ಕಾಣುತ್ತಿದ್ದುವು. ಐದರ ಕಾಲುಗಳೂ ಒಂದೇ ಮನೆಯಲ್ಲಿ. ಮೊದಲನೆಯದರ ತಲೆ ಐದನೆಯದರ ತಲೆಗೆ ಸೇರಿದುದೂ ಸ್ಪಷ್ಟ. ಕಂಬದ ಉದ್ದವನ್ನು ನೋಡಿದೊಡನೆ ನಮ್ಮ ತಪ್ಪು ತಿಳಿಯಿತು. ಅಲ್ಲಿಂದ ಮುಂದೆ ಪುಸ್ತಕವನ್ನು ಮುಚ್ಚಿಟ್ಟು ಹಳೆಯ ಚೌಕವನ್ನೇ ಓದತೊಡಗಿದೆವು.

ಧಾರವಾಡದ ಕಡೆಯ ಕಸೂತಿಯಲ್ಲಿ ಈ ಉಪಾಯ ನಡೆಯದು. ಕಸೂತಿಯ ಗವಂತಿ ಹೊಲಿಗೆಯಲ್ಲಿ ದಾರವು ಹೋದ ದಾರಿಯಲ್ಲೇ ಮರಳಿ ಬಂದು ತೆರವುಗಳನ್ನು ತುಂಬುವುದರಿಂದ ಬಟ್ಟೆಯ ಎರಡು ಮಗ್ಗುಲುಗಳೂ ಒಂದೇ ಆಗಿ ಕಾಣುವುವು, ಗಂಟನ್ನೂ ಹಾಕುವಂತಿಲ್ಲ. ಅದರ ಹೆಮ್ಮೆಯೇ ಅದು. ಅರಳು ಹೆಣಿಗೆಗೆ ಮುಖವೂ ಉಂಟು, ಬೆನ್ನೂ ಉಂಟು. ಮುಖವು ನೋಡುವವರಿಗೆ, ಬೆನ್ನು ಕಲಿಯುವವರಿಗೆ.

ಈ ಮುಖ ಮತ್ತು ಬೆನ್ನುಗಳ ವಿಷಯದಲ್ಲೇ ಹೊಸಬರು ಮೋಸಹೋಗುವುದು. ಸಾಲುಸಾಲಾಗಿ ಹೆಣೆಯುವಾಗ ಪ್ರತಿ ಸಾಲಿನ ಕೊನೆಯಲ್ಲಿ ಬಟ್ಟೆಯನ್ನು ತಿರುಗಿಸುತ್ತೇವಷ್ಟೆ? ತಿರುಗಿಸಿದ ಸಾಲಿನಲ್ಲಿ ಮೇಲೆ ಹೇಳಿದ ಕ್ರಮದಂತೆಯೇ ಅರಳನ್ನು ಕಟ್ಟಿದರೆ ಅದು ನಮ್ಮ ಕಡೆಗೆ, ಎಂದರೆ ಬಟ್ಟೆಯ ಬೆನ್ನಿನ ಕಡೆಗೆ, ಎದ್ದುಬಿಡುತ್ತದೆ. ಒಂದು ಸಾಲು ಉಬ್ಬು, ಒಂದು ಸಾಲು ಗುಳಿ. ಇದಕ್ಕೆ ಎರಡು ಪರಿಹಾರಗಳಿವೆ. ಬೆನ್ನಿನ ಸಾಲಿನಲ್ಲಿ ಕೊಕ್ಕೆಯನ್ನು ಮೊದಲ ಕಂಬದ ತಲೆಯೊಳಗೆ ಹಿಂದಿನಿಂದ ಮುಂದಕ್ಕೆ ತೂರಿಸಿದರೆ ಅರಳು ಆಚೆಗೆ ಏಳುವುದು. ಅಥವಾ, ಇದೇ ಸುಲಭವಾದುದು, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಮಾತ್ರ ಅರಳನ್ನು ಇಡುವುದು.

ಅಭ್ಯಾಸಕ್ಕೆ ಒಂದು ತುಂಡನ್ನು ಹೇಳುತ್ತೇವೆ. ಸಣ್ಣ ನೂಲು ಬೇಡ. ಮಧ್ಯಮ ದಪ್ಪದ ನೂಲೋ ಉಣ್ಣೆಯೋ ಇರಲಿ, ಕೊಕ್ಕೆಯು ನಾಲ್ಕು ಮಿಲಿಮೀಟರಿನದಾಗಿರಲಿ. ಇಪ್ಪತ್ತೈದು ಸರಪಣಿಗಳನ್ನು ಹಾಕಿ, ಕೊಕ್ಕೆಯಿಂದ ನಾಲ್ಕನೆಯ ಸರಪಣಿಯಲ್ಲಿ ಮೊದಲ ಕಂಬವನ್ನು ನಿಲ್ಲಿಸಿ, ಕೊನೆಯವರೆಗೆ ಸಾಗಿರಿ. ಬಿಟ್ಟ ಮೂರು ಸರಪಣಿಗಳೂ ಒಂದು ಕಂಬದ ಲೆಕ್ಕವಾದುದರಿಂದ ಒಟ್ಟು ಇಪ್ಪತ್ತಮೂರು ಕಂಬಗಳಾಗುವುವು. ಎರಡನೆಯ ಸಾಲಿನಲ್ಲಿ ಮೂರು ಕಂಬ, ಒಂದು ಅರಳು, ಮೂರು ಕಂಬ, ಒಂದು ಅರಳು — ಹೀಗೆ ಐದು ಅರಳುಗಳಾಗಿ ಕೊನೆಗೆ ಮೂರು ಕಂಬಗಳು ಉಳಿಯುವುವು. ಮೂರನೆಯ ಸಾಲು ಬರಿಯ ಕಂಬಗಳದ್ದು. ನಾಲ್ಕನೆಯದರಲ್ಲಿ ಮೊದಲು ಐದು ಕಂಬ, ತರುವಾಯ ಅರಳು. ನಡುನಡುವೆ ಮೂರು ಮೂರು ಕಂಬಗಳಂತೆ ನಾಲ್ಕು ಅರಳುಗಳಾದ ಮೇಲೆ ಮತ್ತೆ ಐದು ಕಂಬ. ಆಗ ಮೇಲಿನ ಅರಳು ಕೆಳಗಿನ ಎರಡರ ನಡುವೆ ಬಂದು ಕೂರುತ್ತದೆ. ಪ್ರತಿ ಸಾಲನ್ನೂ ಮೂರು ಸರಪಣಿಗಳಿಂದ ಆರಂಭಿಸಿ ಅದನ್ನು ಮೊದಲ ಕಂಬವೆಂದು ಎಣಿಸಬೇಕು. ಹಿಂದಿನ ಸಾಲಿನ ಆ ಮೂರು ಸರಪಣಿಗಳ ತಲೆಯ ಮೇಲೆಯೇ ಸಾಲಿನ ಕೊನೆಯ ಕಂಬವನ್ನು ನಿಲ್ಲಿಸಬೇಕು.

ಎಣಿಕೆ ತಪ್ಪುವುದು ಮೂರನೆಯ ಸಾಲಿನಲ್ಲಿ. ಅರಳು ಐದು ಕಂಬಗಳಿಂದಾಗಿದ್ದರೂ ಮುಚ್ಚಿದ ಮೇಲೆ ಅದಕ್ಕೆ ಬಾಯಿ ಒಂದೇ; ಆ ಬಾಯಿಯ ಮೇಲೆ ಕಂಬವೂ ಒಂದೇ. ಅರಳಿನ ತಲೆಯ ಮೇಲೆ ಒಂದನ್ನೂ ಮುಚ್ಚಿದ ಸರಪಣಿಯ ಮೇಲೆ ಇನ್ನೊಂದನ್ನೂ ಹಾಕಿದವರ ಬಟ್ಟೆ ಸಾಲುಸಾಲಿಗೂ ಅಗಲವಾಗಿ ನೆರಿಗೆ ಬೀಳುವುದು. ಪ್ರತಿ ಸಾಲಿನ ಕೊನೆಯಲ್ಲೂ ಇಪ್ಪತ್ತಮೂರು ಎಂದು ಎಣಿಸಿಕೊಳ್ಳದೆ ಮುಂದೆ ಹೋಗಬಾರದು. ಇದು ಬೇಸರದ ಮಾತೇ. ಆದರೆ ಆರು ಸಾಲುಗಳನ್ನು ಬಿಚ್ಚುವ ಬೇಸರ ಇದಕ್ಕಿಂತ ಹೆಚ್ಚಿನದೆಂಬುದನ್ನು ನಾವು ಅನುಭವಿಸಿ ಬಲ್ಲೆವು.

ಇನ್ನು ಲೆಕ್ಕದ ಮಾತು. ನಾಲ್ಕು ಸಾಲುಗಳನ್ನು ಬರಿಯ ಕಂಬಗಳಿಂದ ಹೆಣೆದಿದ್ದರೆ ತೊಂಬತ್ತೆರಡು ಕಂಬಗಳಾಗುತ್ತಿದ್ದುವು. ಒಂಬತ್ತು ಅರಳುಗಳನ್ನು ಸೇರಿಸಿದುದರಿಂದ ನೂರ ಇಪ್ಪತ್ತೆಂಟಾದುವು. ಶೇಕಡಾ ನಲವತ್ತರಷ್ಟು ಹೆಚ್ಚು ದಾರ, ಅದಕ್ಕೂ ಮಿಕ್ಕ ಹೊತ್ತು. ಏಕೆಂದರೆ ಪ್ರತಿ ಅರಳಿಗೂ ಕೊಕ್ಕೆಯನ್ನು ತೆಗೆದು ಮತ್ತೆ ತೂರಿಸಬೇಕು. ಬಟ್ಟೆ ಮಾತ್ರ ಒಂದು ಬೆರಳಷ್ಟೂ ಅಗಲವಾಗಲಿಲ್ಲ.

ಈ ಹೊತ್ತಿನ ಬೆಲೆ ಏನು? ಪ್ರಶ್ನೆ ಹೊಸದಲ್ಲ. ಹೆಣಿಗೆಯ ಸೂಜಿಗಳ ಕೆಲಸಕ್ಕೆ ೧೫೮೯ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ಯಂತ್ರವನ್ನು ಮಾಡಿದನು. ಅಲ್ಲಿ ಕುಣಿಕೆಗಳೆಲ್ಲ ಸೂಜಿಯ ಮೇಲೆ ಸಾಲಾಗಿ ಕಾದುಕೊಂಡಿರುವುದರಿಂದ ಯಂತ್ರಕ್ಕೆ ಅವು ಸಿಕ್ಕುತ್ತವೆ. ಕ್ರೋಷೆಯಲ್ಲಿ ಜೀವವುಳ್ಳ ಕುಣಿಕೆ ಒಂದೇ. ಕೊಕ್ಕೆಯು ಬಟ್ಟೆಯ ಯಾವ ಮನೆಯೊಳಗೆ ಬೇಕಾದರೂ ನುಗ್ಗಿ ಬರಬೇಕು. ಅದಕ್ಕೆ ತಕ್ಕ ಯಂತ್ರವು ಕಾರ್ಖಾನೆಗಳಿಗೆ ಇಂದಿಗೂ ಬಂದಿಲ್ಲ. ಕ್ರೋಷೆಯಂತೆ ಕಾಣುವ ಯಂತ್ರದ ಜಾಲರಿಗಳು ಬೇರೆ ಜಾತಿಯವು. ಹಾಗಾದರೆ ಪೇಟೆಯಲ್ಲಿ ಅಗ್ಗವಾಗಿ ಸಿಕ್ಕುವ ಅರಳು ಹೆಣಿಗೆಯ ಚೀಲವನ್ನಾಗಲಿ ಅಂಗಿಯನ್ನಾಗಲಿ ಯಾವುದೋ ಒಂದು ಕೈ ಐದೈದು ಕಂಬಗಳಂತೆ ಎಣಿಸಿಯೇ ಮಾಡಿರಬೇಕು.

ಐರ್ಲೆಂಡಿನಲ್ಲಿ ೧೮೪೫ರಲ್ಲಿ ಆಲೂಗೆಡ್ಡೆಯ ಬೆಳೆ ಕೊಳೆತು ಮಹಾಕ್ಷಾಮ ಬಂದಾಗ ಕ್ರೋಷೆಯು ಅನೇಕ ಮನೆಗಳ ಅನ್ನವಾಯಿತು. ಕಾರ್ಕ್ ಪಟ್ಟಣದ ಅರ್ಸುಲೈನ್ ಸಂನ್ಯಾಸಿನಿಯರು ಅದನ್ನು ಹೇಳಿಕೊಟ್ಟರು. ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ ಎಂಬಾಕೆ ೧೮೪೭ರಲ್ಲಿ ಈ ಕಸಬನ್ನು ನೆಲೆಗೊಳಿಸಿದರು. ಅಲ್ಲಿಯ ವಿಶೇಷವೂ ಉಬ್ಬಿನ ಕೆಲಸವೇ: ಒಂದು ಸುತ್ತು ದಳಗಳ ಹಿಂದೆ ಇನ್ನೊಂದು ಸುತ್ತು ದಳಗಳನ್ನು ಹೆಣೆದು ಎಬ್ಬಿಸಿದ ಗುಲಾಬಿ, ದಪ್ಪ ಹುರಿಯ ಮೇಲೆ ಒತ್ತಾಗಿ ಹೆಣೆದ ಎಲೆಯ ಅಂಚು, ಕ್ಲೋನ್ಸ್ ಗಂಟು. ನಮ್ಮ ನೆರೆಯ ಆಂಧ್ರದಲ್ಲಿ, ಗೋದಾವರಿಯ ಮುಖಜ ಭೂಮಿಯ ನರಸಾಪುರದಲ್ಲಿ, ಕ್ರೈಸ್ತ ಮಿಷನರಿಗಳ ಮೂಲಕ ಬಂದ ಕ್ರೋಷೆಯು ಪರದೇಶಗಳಿಗೆ ಹೋಗುವ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಯ ಹೆಂಗಸರ ಬಾಳನ್ನು ಪರಿಶೀಲಿಸಿ ೧೯೮೨ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅವರು ಕಂಡುದು ಇಷ್ಟು: ಆ ಹೆಂಗಸರನ್ನು ಕೆಲಸಗಾರರೆನ್ನದೆ ಗೃಹಿಣಿಯರೆಂದೂ, ಅವರ ದುಡಿಮೆಯನ್ನು ಬಿಡುವಿನ ವೇಳೆಯ ಕೆಲಸವೆಂದೂ ಕರೆದುದರಿಂದಲೇ ಅವರ ಕೂಲಿಯನ್ನು ತಗ್ಗಿನಲ್ಲಿಡುವುದು ಸುಲಭವಾಯಿತು.

ನಮ್ಮೂರಿನ ಮಾತೂ ಬಹಳ ಬೇರೆಯಲ್ಲ. ಸೀರೆಯ ಕುಚ್ಚನ್ನು ಅಂಗಡಿಗೆ ಕೊಟ್ಟರೆ ಅದು ಅಂಗಡಿಯಲ್ಲಿ ಆಗುವುದು ಅಪರೂಪ. ಯಾವುದೋ ಬೀದಿಯ ಯಾವುದೋ ಮನೆಯಲ್ಲಿ, ಅಡಿಗೆ ಮುಗಿದ ಮೇಲೆ, ಜಾರುವ ರೇಷ್ಮೆಯ ದಾರದಲ್ಲಿ ಅದನ್ನು ಹೆಣೆಯುತ್ತಾರೆ. ನೂಲಿಗಿಂತ ರೇಷ್ಮೆಯಲ್ಲಿ ಅರಳನ್ನು ಕಟ್ಟುವುದು ಕಷ್ಟ. ಕುಣಿಕೆಯಿಂದ ಕೊಕ್ಕೆಯನ್ನು ತೆಗೆದ ಕ್ಷಣವೇ ಅದು ಓಡಿಹೋಗಲು ನೋಡುತ್ತದೆ. ಕುಚ್ಚಿನ ಬೆಲೆಯನ್ನು ಚೌಕಾಸಿ ಮಾಡುವ ಮೊದಲು ಒಂದೇ ಒಂದು ಅರಳನ್ನು ರೇಷ್ಮೆಯಲ್ಲಿ ಹೆಣೆದು ನೋಡಬೇಕೆಂದು ನಮ್ಮ ಗೆಳತಿಯರಿಗೆ ನಾವು ಹೇಳುವುದುಂಟು. ಇದುವರೆಗೆ ಯಾರೂ ನೋಡಿಲ್ಲ.

ತೋರಣದ ಚೌಕಕ್ಕೆ ಮರಳೋಣ. ಹಳೆಯದರ ಬೆನ್ನನ್ನು ಓದಿದಾಗ ತಿಳಿದುದು ಹೀಗೆ. ನಡುವೆ ಆರು ಸರಪಣಿಗಳ ಉಂಗುರ. ಉಂಗುರದೊಳಗೆ ಹದಿನಾರು ಕಂಬಗಳು. ಅದರ ಮೇಲಿನ ಸುತ್ತಿನಲ್ಲಿ ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ಅರಳು, ಎರಡು ಅರಳುಗಳ ನಡುವೆ ಮೂರು ಸರಪಣಿಗಳು. ಮುಂದಿನ ಸುತ್ತುಗಳು ಮೂಲೆ ಕಟ್ಟಿ ಚೌಕ ಮಾಡುವ ಸಾಧಾರಣ ಕೆಲಸ. ಸುತ್ತಾಗಿ ಹೆಣೆಯುವಾಗ ಬಟ್ಟೆಯನ್ನು ತಿರುಗಿಸುವುದೇ ಇಲ್ಲ. ಮುಖವು ಯಾವಾಗಲೂ ನಮ್ಮ ಕಡೆಗೇ ಇರುವುದರಿಂದ ಅರಳು ದಾರಿ ತಪ್ಪುವ ಭಯವಿಲ್ಲ. ಮೊದಲಿಗೆ ಸುತ್ತನ್ನೇ ಕಲಿತು ಆಮೇಲೆ ಸಾಲಿಗೆ ಬರಬಹುದು. ಆದರೆ ಸಾಲಿನಲ್ಲಿ ಒಮ್ಮೆ ತಪ್ಪಿದವರಿಗೆ ಮುಖ ಬೆನ್ನುಗಳ ವಿವೇಕ ಬೇಗ ಬರುತ್ತದೆ.

ಮಲೆನಾಡಿನ ಮಳೆಯಲ್ಲಿ ಹೆಣೆಯುವವರಿಗೆ ಇನ್ನೆರಡು ಮಾತುಗಳು. ತೇವವನ್ನು ಕುಡಿದ ನೂಲು ಬಿಗಿಯಾಗಿ ಕೊಕ್ಕೆಯ ಮೇಲೆ ಜಾರುವುದಿಲ್ಲ; ಬೆಂಕಿಯ ಬಳಿ ಸ್ವಲ್ಪ ಹೊತ್ತು ಉಂಡೆಯನ್ನು ಇಟ್ಟುಕೊಂಡು ಕೂರುವುದು ಒಳ್ಳೆಯದು. ಒಗೆದ ಅರಳು ಹೆಣಿಗೆಯನ್ನು ಹಿಂಡಬಾರದು, ದಪ್ಪ ಬಟ್ಟೆಯಲ್ಲಿ ಸುತ್ತಿ ಒತ್ತಬೇಕು. ಅರಳಿನ ಗುಳಿಯೊಳಗೆ ನೀರು ನಿಲ್ಲುವುದರಿಂದ ಅದು ಮಿಕ್ಕ ಬಟ್ಟೆಗಿಂತ ತಡವಾಗಿ ಒಣಗುತ್ತದೆ, ಬೂಸಲೂ ಅಲ್ಲಿಂದಲೇ ಆರಂಭವಾಗುತ್ತದೆ. ಇಸ್ತ್ರಿ ಮಾಡಲೇಬೇಕಾದರೆ ಮೆತ್ತನೆಯ ಟವಲಿನ ಮೇಲೆ ಮುಖ ಕೆಳಗಾಗಿ ಹಾಸಿ, ಬೆನ್ನಿನ ಮೇಲೆ ಹಗುರವಾಗಿ ಆಡಿಸಬೇಕು. ಮುಖದ ಮೇಲೆ ಇಸ್ತ್ರಿಯನ್ನು ಒತ್ತಿದರೆ ಹತ್ತು ದಿನದ ಅರಳು ಒಂದು ನಿಮಿಷದಲ್ಲಿ ಅವಲಕ್ಕಿಯಾಗುವುದು.

ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಹೊಸ ಚೌಕವನ್ನು ತೋರಣಕ್ಕೆ ಸೇರಿಸಿದೆವು. ಹಳೆಯವೆಲ್ಲ ಒಲೆಯ ಹೊಗೆಯಿಂದ ಕೆನೆಯ ಬಣ್ಣಕ್ಕೆ ತಿರುಗಿದ್ದುವು. ಹೊಸದೊಂದೇ ಬೆಳ್ಳಗೆ ಎದ್ದು ಕಾಣುತ್ತಿತ್ತು. ಚಹದ ನೀರಿನಲ್ಲಿ ಅದ್ದಿ ಬಣ್ಣವನ್ನು ಹೊಂದಿಸೋಣವೆಂದು ನಾವೆಂದೆವು. ಗೃಹಿಣಿ ಒಪ್ಪಲಿಲ್ಲ, ಅಡಿಗೆಮನೆಯ ಹೊಗೆಯೇ ನಾಲ್ಕು ವರ್ಷದಲ್ಲಿ ಆ ಕೆಲಸವನ್ನು ಮಾಡುವುದೆಂದರು. ಆಮೇಲೆ ಅದನ್ನು ಮಗುಚಿ, ಸೂಜಿಯ ಮೊನೆಯಿಂದ ಒಂದೊಂದೇ ಗುಳಿಯನ್ನು ಎಣಿಸುತ್ತ ಹೋಗಿ, ಆರನೆಯದರಲ್ಲಿ ನಿಲ್ಲಿಸಿ ನಮ್ಮ ಮುಖವನ್ನು ನೋಡಿದರು. ಅದರಲ್ಲಿ ನಾಲ್ಕೇ ಕಂಬಗಳಿದ್ದುವು.